ಜಾಮೀನು ಸರ್ಕಾರದ್ದು, ಸಹಿ ನಿಮ್ಮದು

(ಚಾಮರಾಜಪೇಟೆಯಲ್ಲಿ ನಡೆದ ಕನ್ನಡ ಯುವಜನರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹರೂಪ)



ನಾನು ಭಾಷಣಕಾರನಲ್ಲ. ಓದಿದ್ದು ಪಿಯುಸಿ. ಕಸುಬು ಅಚ್ಚಿನದು. ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರ ಈ ಮೂರೂ ಕಡೆಯ ಹೋಟೆಲುಗಳಿಗೆ ಬಿಲ್ ಪುಸ್ತಕ, ತಿಂಡಿ ಪಟ್ಟಿ, ಟೋಕನ್, ವರ್ಷಕ್ಕೊಂದು ಕ್ಯಾಲೆಂಡರ್ ಅಚ್ಚು ಹಾಕಿ ಕೊಡುತ್ತೇನೆ. ಹೋಟೆಲಿನ ನಾಡಿ ಪ್ರೆಸ್ಸಿನವನಿಗೆ ಬೇಗ ಸಿಗುತ್ತದೆ. ತಿಂಗಳಿಗೆ ಇಪ್ಪತ್ತು ಬಿಲ್ ಪುಸ್ತಕ ಒಯ್ಯುತ್ತಿದ್ದವರು ಹತ್ತಕ್ಕೆ ಇಳಿದರೆ ಅಲ್ಲಿ ಏನೋ ಆಗಿದೆ ಎಂದರ್ಥ. ಕ್ಯಾಲೆಂಡರ್ ಬೇಡ ಎಂದರೆ ಇನ್ನೂ ಏನೋ ಆಗಿದೆ. ಬಾಕಿ ಕೇಳಲು ಹೋದಾಗ ಗಲ್ಲಾದ ಮೇಲೆ ಮಗನ ಬದಲು ಬೇರೆ ಯಾರೋ ಕೂತಿದ್ದರೆ ಕೇಳುವುದೇ ಬೇಡ, ಹೋಟೆಲು ಕೈಬದಲಾಯಿಸಿದೆ.

ಹೀಗೆ ಕೈಬದಲಾಯಿಸಿದ ಹೋಟೆಲುಗಳನ್ನು ಎಷ್ಟೋ ನೋಡಿದ್ದೇನೆ. ಕಾರಣ ಕೇಳಿದರೆ ಹತ್ತರಲ್ಲಿ ಆರು ಮಂದಿ ಹೇಳುವುದು ಒಂದೇ ಮಾತು: "ಬ್ಯಾಂಕಿನವರು ಮನೆ ಪತ್ರ ಕೇಳಿದರು. ಮನೆ ಇದ್ದಿದ್ದರೆ ಸಾಲ ಯಾಕೆ ಕೇಳುತ್ತಿದ್ದೆ? ಕೊನೆಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ಹೊರಗಡೆ ತಂದೆ." ನೂರಕ್ಕೆ ಮೂರು ಅಂದರೆ ತಿಂಗಳಿಗೆ. ವರ್ಷಕ್ಕೆ ಮೂವತ್ತಾರು! ಐದು ಲಕ್ಷ ತಂದರೆ ತಿಂಗಳಿಗೆ ಹದಿನೈದು ಸಾವಿರ ಬರೀ ಬಡ್ಡಿ. ಅಸಲು ಅಲ್ಲಾಡುವುದಿಲ್ಲ. ಯಾವ ದೋಸೆಯ ಲಾಭ ಇದನ್ನು ತೀರಿಸುತ್ತದೆ?

ಈಗ ನಾನು ಹೇಳಬೇಕಾದ ಮಾತಿಗೆ ಬರುತ್ತೇನೆ. ಮನೆ ಪತ್ರವಿಲ್ಲದ ಸಣ್ಣ ಉದ್ಯಮಿಗೆ ಬ್ಯಾಂಕು ಸಾಲ ಕೊಡಲಿ, ನಷ್ಟವಾದರೆ ಬಹುಪಾಲು ನಾವು ಹೊರುತ್ತೇವೆ ಎಂದು ಸರ್ಕಾರವೇ ಜಾಮೀನು ನಿಂತು ಇಪ್ಪತ್ತೈದು ವರ್ಷ ದಾಟಿತು. 2000ದ ಇಸವಿಯಿಂದ ಈ ಏರ್ಪಾಡಿದೆ. ನಮ್ಮ ಹೋಟೆಲಿನವರಲ್ಲಿ ಇದು ಗೊತ್ತಿರುವವರು ಎಷ್ಟು ಮಂದಿ? ಗೊತ್ತಿಲ್ಲದಿರುವುದಕ್ಕೆ ಕಾರಣ ದಡ್ಡತನವಲ್ಲ. ಅದನ್ನು ನಮ್ಮ ಭಾಷೆಯಲ್ಲಿ ಯಾರೂ ಕೂರಿಸಿಕೊಂಡು ಹೇಳಲಿಲ್ಲ. ಅಷ್ಟೇ.

ಹೋಟೆಲು ಅಂದರೆ ಬರೀ ತಿಂಡಿಯಲ್ಲ

ಕನ್ನಡದ ಸಭೆಯಲ್ಲಿ ಸಾಲದ ಮಾತು ಯಾಕೆ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ನೀವೇ ಯೋಚಿಸಿ. ಈ ಊರಿನಲ್ಲಿ ಒಬ್ಬ ಹೊಸಬ ಬಂದಿಳಿದರೆ ಅವನ ಕಿವಿಗೆ ಮೊದಲು ಕನ್ನಡ ಬೀಳುವುದು ಎಲ್ಲಿ? ಸಾಹಿತ್ಯ ಪರಿಷತ್ತಿನ ಸಭಾಂಗಣದಲ್ಲಿ ಅಲ್ಲ. "ಎರಡು ಖಾಲಿ, ಒಂದು ಮಸಾಲೆ, ಬೈಟೂ ಕಾಫಿ" ಎಂದು ಕೂಗುವ ಹೋಟೆಲಿನಲ್ಲಿ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರದು. ಲಾಲ್‌ಬಾಗ್ ರಸ್ತೆಯ ಎಂಟಿಆರ್‌ನ ಮೂಲ 1924ರದು. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರದು. ಮಲ್ಲೇಶ್ವರದ ವೀಣಾ ಸ್ಟೋರ್ಸ್ 1977ರದು. ಸಣ್ಣ ಜಾಗ, ಎಣಿಸಿದಷ್ಟೇ ತಿಂಡಿ, ಆದರೂ ಊರಿಗೆ ಹೆಸರು ತಂದವು.

ವಿದ್ಯಾರ್ಥಿ ಭವನ ಶುರು ಮಾಡಿದವರು ಒಬ್ಬರು. 1970ರಲ್ಲಿ ಅದನ್ನು ವಹಿಸಿಕೊಂಡು ಬೆಳೆಸಿದವರು ರಾಮಕೃಷ್ಣ ಅಡಿಗರು. ಕೈ ಬದಲಾದರೂ ಕಾವಲಿ ಆರಲಿಲ್ಲ. ಹೋಟೆಲು ಕೈಬದಲಾಯಿಸುವುದು ತಪ್ಪಲ್ಲ. ಕಾವಲಿ ಆರಿಹೋಗಿ ಅಲ್ಲಿ ಬೇರೇನೋ ಬರುವುದು ನಷ್ಟ. ಮಲ್ಲೇಶ್ವರದ ನ್ಯೂ ಕೃಷ್ಣ ಭವನ 1954ರಲ್ಲಿ ಶುರುವಾಗಿದ್ದು. 2023ರ ಡಿಸೆಂಬರಿನಲ್ಲಿ ಬಾಗಿಲು ಹಾಕಿದಾಗ ಜನ ಕೊನೆಯ ದಿನ ಸಾಲುಗಟ್ಟಿ ತಿಂದು ಬಂದರು. ಮುಚ್ಚುವ ಕಾರಣ ಒಂದೊಂದು ಹೋಟೆಲಿಗೆ ಒಂದೊಂದು, ಎಲ್ಲವೂ ಸಾಲದಿಂದಲ್ಲ. ಆದರೆ ಹಳೆಯದೊಂದು ಮುಚ್ಚಿದ ಕಡೆ ಹೊಸದೊಂದನ್ನು ತೆರೆಯಲು ಕುಂದಾಪುರದ, ತೀರ್ಥಹಳ್ಳಿಯ, ಹಾಸನದ, ಗದಗಿನ ಹುಡುಗನೊಬ್ಬ ತಯಾರಿದ್ದರೆ ಅವನಿಗೆ ಬಂಡವಾಳ ಎಲ್ಲಿಂದ ಬರಬೇಕು? ಹತ್ತು ವರ್ಷ ಕ್ಲೀನರ್ ಆಗಿ, ಸಪ್ಲೈಯರ್ ಆಗಿ, ಅಡುಗೆ ಭಟ್ಟರ ಕೈಕೆಳಗೆ ದುಡಿದು ಕಸುಬು ಕಲಿತವನ ಹತ್ತಿರ ಕೈಗುಣ ಇರುತ್ತದೆ, ಕಾಸು ಇರುವುದಿಲ್ಲ. ಅಂಥವನಿಗಾಗಿಯೇ ಇರುವುದು ಈ ಖಾತರಿ ಸಾಲ.

ನಮ್ಮೂರ ಬ್ಯಾಂಕು ಎಲ್ಲಿ ಹೋಯಿತು?

ಉಡುಪಿ ಹೋಟೆಲು ಹುಟ್ಟಿದ ನೆಲದಲ್ಲೇ ಬ್ಯಾಂಕೂ ಹುಟ್ಟಿತು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳಿಂದ ಕೆನರಾ ಬ್ಯಾಂಕು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳುತನದಲ್ಲಿ ಕಾರ್ಪೊರೇಷನ್ ಬ್ಯಾಂಕು. 1925ರಲ್ಲಿ ಉಡುಪಿಯಲ್ಲೇ ಸಿಂಡಿಕೇಟ್ ಬ್ಯಾಂಕಿನ ಮೂಲಸಂಸ್ಥೆ. 1931ರಲ್ಲಿ ಮಂಗಳೂರಿನಲ್ಲಿ ಎ.ಬಿ. ಶೆಟ್ಟರ ವಿಜಯಾ ಬ್ಯಾಂಕು. ಇತ್ತ ಹಳೇ ಮೈಸೂರಿನಲ್ಲಿ ವಿಶ್ವೇಶ್ವರಯ್ಯನವರ ಕಾಲದ 1913ರ ಮೈಸೂರು ಬ್ಯಾಂಕು. ಸಿಂಡಿಕೇಟಿನವರು 1928ರಲ್ಲಿ ಪಿಗ್ಮಿ ಠೇವಣಿ ತಂದರು. ದಿನಕ್ಕೆ ಎರಡಾಣೆ ಕಟ್ಟಿದರೂ ಸಾಕು, ಏಜೆಂಟನೇ ಅಂಗಡಿ ಬಾಗಿಲಿಗೆ ಬರುತ್ತಿದ್ದ. ದಿನವೂ ಗಲ್ಲಾ ನೋಡಿದವನಿಗೆ ಆ ಅಂಗಡಿಯ ಯೋಗ್ಯತೆ ಗೊತ್ತಿರುತ್ತಿತ್ತು. ಅದೇ ಅವನ ಜಾಮೀನು.

ಈಗ? ಮೈಸೂರು ಬ್ಯಾಂಕು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದೊಳಗೆ ಕರಗಿತು. ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. ಮರುವರ್ಷ ಅದೇ ದಿನ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೂ, ಸಿಂಡಿಕೇಟು ಕೆನರಾಗೂ ಹೋದವು. ಈ ನೆಲದಲ್ಲಿ ಹುಟ್ಟಿದ ಸರ್ಕಾರಿ ಬ್ಯಾಂಕುಗಳಲ್ಲಿ ಉಳಿದಿರುವುದು ಕೆನರಾ ಒಂದೇ. ಮೂರು ವರ್ಷಕ್ಕೊಮ್ಮೆ ಮ್ಯಾನೇಜರ್ ಬದಲಾಗುತ್ತಾರೆ. ಬಂದವರಿಗೆ ಗಾಂಧಿ ಬಜಾರೂ ಗೊತ್ತಿಲ್ಲ, ಗಲ್ಲಾದಲ್ಲಿ ಕೂತವರ ಮಾತೂ ಗೊತ್ತಿಲ್ಲ. ಅವರನ್ನು ಬೈದು ಫಲವಿಲ್ಲ. ಮುಖ ನೋಡಿ ಸಾಲ ಕೊಡುವ ಕಾಲ ಹೋಯಿತು, ಕಾಗದ ನೋಡಿ ಕೊಡುವ ಕಾಲ ಬಂತು. ಹಾಗಾದರೆ ಕಾಗದವನ್ನು ನಾವು ಕಲಿಯಲೇಬೇಕು.

ಜಾಮೀನು ಯಾರಿಗೆ?

ಈ ಖಾತರಿ ಸಾಲ ಹೇಗೆ ನಡೆಯುತ್ತದೆ, ಸರಳವಾಗಿ ಹೇಳುತ್ತೇನೆ.

ಕೇಂದ್ರ ಸರ್ಕಾರವೂ ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ಬ್ಯಾಂಕಾದ ಸಿಡ್ಬಿಯೂ ಸೇರಿ 2000ದಲ್ಲಿ ಒಂದು ಟ್ರಸ್ಟ್ ಮಾಡಿದವು. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ ಸಾಲ ಖಾತರಿ ನಿಧಿ. ಬ್ಯಾಂಕಿನವರು ಅದನ್ನು ಸಿಜಿಟಿಎಂಎಸ್‌ಇ ಎನ್ನುತ್ತಾರೆ. ಈ ಆರು ಅಕ್ಷರ ಬಾಯಿಪಾಠ ಮಾಡಿಕೊಳ್ಳಿ, ಶಾಖೆಯಲ್ಲಿ ಇದನ್ನು ಉಚ್ಚರಿಸಿದರೆ ಎದುರಿಗಿರುವವರು ತಲೆ ಎತ್ತಿ ನೋಡುತ್ತಾರೆ. ಹೋಟೆಲು ಸೇವಾ ಉದ್ಯಮ, ಆದ್ದರಿಂದ ಇದರೊಳಗೆ ಬರುತ್ತದೆ. ನೀವು ಸಾಲ ಕೇಳುವುದು ಟ್ರಸ್ಟಿನ ಹತ್ತಿರ ಅಲ್ಲ, ಬ್ಯಾಂಕಿನ ಹತ್ತಿರ. ಬ್ಯಾಂಕು ಸಾಲ ಮಂಜೂರು ಮಾಡಿ, ಆ ಸಾಲಕ್ಕೆ ಟ್ರಸ್ಟಿನ ರಕ್ಷಣೆ ಪಡೆಯುತ್ತದೆ. ಅದಕ್ಕೆ ವರ್ಷಕ್ಕೊಮ್ಮೆ ಶುಲ್ಕ ಉಂಟು. 2023ರ ಏಪ್ರಿಲ್‌ನಲ್ಲಿ ಈ ಶುಲ್ಕ ಇಳಿಸಿದಾಗ 10 ಲಕ್ಷದವರೆಗಿನ ಸಾಲಕ್ಕೆ ಮೂಲದರ ಶೇಕಡ 0.37 ಆಯಿತು. ಅಂದರೆ 10 ಲಕ್ಷಕ್ಕೆ ವರ್ಷಕ್ಕೆ 3,700 ರೂಪಾಯಿ. ಬ್ಯಾಂಕು ಇದನ್ನು ನಿಮ್ಮಿಂದ ವಸೂಲಿ ಮಾಡಬಹುದು. ಮಾಡಿದರೂ ಹೊರಗಿನ ಬಡ್ಡಿಯ ಮುಂದೆ ಇದು ಲೆಕ್ಕವೇ ಅಲ್ಲ.

ಇನ್ನೊಂದು ದಾರಿ ಮುದ್ರಾ. 2015ರ ಏಪ್ರಿಲ್ 8ರಂದು ಶುರುವಾಯಿತು. 50 ಸಾವಿರದವರೆಗೆ ಶಿಶು, 5 ಲಕ್ಷದವರೆಗೆ ಕಿಶೋರ, 10 ಲಕ್ಷದವರೆಗೆ ತರುಣ. ತರುಣ ಸಾಲ ತೀರಿಸಿದವರಿಗೆ 20 ಲಕ್ಷದವರೆಗೆ ಎಂದು 2024ರಲ್ಲಿ ಇನ್ನೊಂದು ಮೆಟ್ಟಿಲು ಸೇರಿಸಿದರು. ಇದಕ್ಕೂ ಬೇರೊಂದು ಸರ್ಕಾರಿ ಖಾತರಿ ನಿಧಿಯ ಬೆಂಬಲವಿದೆ. ತಿಂಡಿ ಗಾಡಿ, ಕ್ಯಾಂಟೀನು, ಖಾನಾವಳಿ, ಅಡುಗೆ ಗುತ್ತಿಗೆ ಎಲ್ಲಕ್ಕೂ ಇದು ಹೊಂದುತ್ತದೆ. ಬೀದಿ ಬದಿಯಲ್ಲಿ ಮಾರುವವರಿಗೆ 2020ರ ಜೂನ್‌ನಲ್ಲಿ ಬಂದ ಸ್ವನಿಧಿ ಯೋಜನೆ ಬೇರೆಯೇ ಇದೆ.

ಈಗ ಮುಖ್ಯ ಮಾತು. ರಿಸರ್ವ್ ಬ್ಯಾಂಕು 2010ರ ಮೇ ತಿಂಗಳಲ್ಲಿ ಎಲ್ಲ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತು: ಸೂಕ್ಷ್ಮ ಮತ್ತು ಸಣ್ಣ ಉದ್ಯಮಕ್ಕೆ ಕೊಡುವ 10 ಲಕ್ಷದವರೆಗಿನ ಸಾಲಕ್ಕೆ ಆಸ್ತಿ ಒತ್ತೆ ತೆಗೆದುಕೊಳ್ಳಕೂಡದು. ಈ ಮಿತಿ ಆಮೇಲೆ ಎಂದೂ 10 ಲಕ್ಷಕ್ಕಿಂತ ಕೆಳಗೆ ಇಳಿದಿಲ್ಲ. ಸಾಲದ ಹಣದಲ್ಲಿ ಕೊಂಡ ಗ್ರೈಂಡರು, ಫ್ರಿಜ್ಜು, ಸ್ಟೀಮರು ಬ್ಯಾಂಕಿನ ಹೆಸರಿಗೆ ಅಡವಿರುತ್ತವೆ, ಅದು ಸರಿ. ಅಪ್ಪನ ಸೈಟು, ಅಮ್ಮನ ಬಳೆ ಕೇಳುವಂತಿಲ್ಲ. "ಮನೆ ಪತ್ರ ತನ್ನಿ" ಎಂದು ಹೇಳಿದರೆ ನೀವು ಗಲಾಟೆ ಮಾಡಬೇಕಿಲ್ಲ. "ಸರ್, ಹಾಗಂತ ಬರೆದುಕೊಡಿ" ಎಂದು ಕೇಳಿ. ಅಷ್ಟು ಸಾಕು.

ಆದರೆ ಗೆಳೆಯರೇ, ಇಲ್ಲೇ ಒಂದು ದೊಡ್ಡ ತಪ್ಪು ತಿಳುವಳಿಕೆ ಓಡಾಡುತ್ತಿದೆ. "ಸರ್ಕಾರ ಜಾಮೀನು ಹಾಕಿದೆ, ಕಟ್ಟದಿದ್ದರೆ ಸರ್ಕಾರ ಕಟ್ಟುತ್ತದೆ" ಎಂದು. ಇದು ಸುಳ್ಳು! ಜಾಮೀನು ನಿಂತಿರುವುದು ಬ್ಯಾಂಕಿಗೆ, ನಿಮಗಲ್ಲ. ಲೆಕ್ಕ ನೋಡಿ. 8 ಲಕ್ಷ ಬಾಕಿ ಇರುವಾಗ ಹೋಟೆಲು ಮುಚ್ಚಿತು ಅಂದುಕೊಳ್ಳಿ. ಮುಕ್ಕಾಲು ಪಾಲು ಖಾತರಿ ಇದ್ದರೆ 6 ಲಕ್ಷದ ಹೊಣೆ ಟ್ರಸ್ಟಿನದು, 2 ಲಕ್ಷ ಬ್ಯಾಂಕಿನದು. ಹೆಣ್ಣುಮಕ್ಕಳ ಉದ್ಯಮವಾದರೆ ಟ್ರಸ್ಟಿನ ಪಾಲು ಇನ್ನೂ ಹೆಚ್ಚು. ಹಾಗಂತ ನಿಮ್ಮ ತಲೆಯ ಮೇಲಿನ 8 ಲಕ್ಷದಲ್ಲಿ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ. ಬ್ಯಾಂಕು ನಿಮ್ಮಿಂದ ವಸೂಲಿಗೆ ಬರುತ್ತದೆ. ಸಿಬಿಲ್‌ನಲ್ಲಿ ಹೆಸರು ಕೆಡುತ್ತದೆ. ಮುಂದೆ ಒಂದು ಸ್ಕೂಟರು ಸಾಲವೂ ಹುಟ್ಟುವುದಿಲ್ಲ. ಜಾಮೀನು ಸರ್ಕಾರದ್ದು, ಸಹಿ ಮಾತ್ರ ನಿಮ್ಮದು.

ಹಾಗಾದರೆ ಈ ಖಾತರಿಯಿಂದ ನಮಗೇನು ಸಿಕ್ಕಿತು? ಬಾಗಿಲು ಸಿಕ್ಕಿತು. ಆಸ್ತಿ ಇಲ್ಲ ಎಂಬ ಒಂದೇ ಕಾರಣಕ್ಕೆ ನಮ್ಮನ್ನು ಹೊಸ್ತಿಲಿನಲ್ಲೇ ನಿಲ್ಲಿಸುವ ನೆಪ ಬ್ಯಾಂಕಿನ ಕೈಯಿಂದ ಹೋಯಿತು. ಒಳಗೆ ಹೋದ ಮೇಲೆ ಲೆಕ್ಕ ಒಪ್ಪಿಸುವುದು, ದುಡಿದು ತೀರಿಸುವುದು ನಮ್ಮ ಕೆಲಸ.

ಕೊರೋನಾ ಕಲಿಸಿದ ಪಾಠ

2020ರ ಮಾರ್ಚಿನಲ್ಲಿ ಹೋಟೆಲುಗಳಲ್ಲಿ ಕೂತು ತಿನ್ನುವುದು ನಿಂತುಹೋಯಿತು. ಜೂನ್ 8ಕ್ಕೆ ಮತ್ತೆ ತೆರೆದಾಗ ಅರ್ಧ ಕೆಲಸಗಾರರು ಊರು ಸೇರಿದ್ದರು. ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ತುರ್ತು ಸಾಲ ಖಾತರಿ ಯೋಜನೆ ಸಾರಿತು, ಮೂರು ಲಕ್ಷ ಕೋಟಿಯದು. ನೂರಕ್ಕೆ ನೂರು ಸರ್ಕಾರದ ಖಾತರಿ, ಮೊದಲ ವರ್ಷ ಅಸಲಿನ ಕಂತಿಲ್ಲ, ಬ್ಯಾಂಕುಗಳ ಬಡ್ಡಿ ಶೇಕಡ 9.25 ಮೀರುವಂತಿಲ್ಲ. ಒಳ್ಳೆಯ ಯೋಜನೆಯೇ. 2021ರ ಮಾರ್ಚ್ 31ರಂದು ಹೋಟೆಲು, ಪ್ರವಾಸದ ಉದ್ಯಮಗಳಿಗಾಗಿಯೇ ಅದರ ಮೂರನೆಯ ಸುತ್ತು ಬಂತು. ಆರು ವರ್ಷದ ಅವಧಿ, ಅದರಲ್ಲಿ ಮೊದಲ ಎರಡು ವರ್ಷ ಅಸಲಿಗೆ ರಿಯಾಯಿತಿ. 2022ರ ಬಜೆಟ್ಟಿನಲ್ಲಿ ಈ ವಲಯಕ್ಕೆಂದೇ ಇನ್ನೂ 50 ಸಾವಿರ ಕೋಟಿ ಎಂದರು. 2023ರ ಮಾರ್ಚ್ 31ಕ್ಕೆ ಯೋಜನೆ ಮುಗಿಯಿತು.

ನಮ್ಮ ಸಣ್ಣ ಹೋಟೆಲುಗಳಿಗೆ ಎಷ್ಟು ಸಿಕ್ಕಿತು? ಇಲ್ಲಿದೆ ಗುಟ್ಟು. ಆ ಸಾಲದ ಅಳತೆಗೋಲು ಏನು ಗೊತ್ತೆ? 2020ರ ಫೆಬ್ರವರಿ 29ಕ್ಕೆ ನಿಮ್ಮ ಬ್ಯಾಂಕ್ ಸಾಲದ ಬಾಕಿ ಎಷ್ಟಿತ್ತೋ ಅದರ ಶೇಕಡ 20. ಮೂರನೆಯ ಸುತ್ತಿನಲ್ಲಿ ಶೇಕಡ 40ರವರೆಗೆ. ಬಾಕಿ 10 ಲಕ್ಷ ಇದ್ದವನಿಗೆ 2 ಲಕ್ಷ, 4 ಲಕ್ಷ. ಬಾಕಿ ಸೊನ್ನೆ ಇದ್ದವನಿಗೆ? ಸೊನ್ನೆಯ ನಲವತ್ತು ಭಾಗವೂ ಸೊನ್ನೆಯೇ!

ನನ್ನ ಗಿರಾಕಿಯೊಬ್ಬರು, ಹೆಸರು ಬೇಡ, ಹಳೆಯ ಕಾಲದ ಮನುಷ್ಯ. "ನಾನು ಜೀವಮಾನದಲ್ಲಿ ಬ್ಯಾಂಕಿನ ಸಾಲ ಮಾಡಿಲ್ಲ" ಎಂದು ಎದೆ ತಟ್ಟಿ ಹೇಳುತ್ತಿದ್ದರು. ಮಾಡಿದ್ದೆಲ್ಲ ಚೀಟಿ, ಕೈಸಾಲ, ನೆಂಟರ ಹಣ. ಎಲ್ಲವನ್ನೂ ನಿಯತ್ತಾಗಿ ತೀರಿಸಿದವರು. ಆದರೆ ಆ ನಿಯತ್ತು ಯಾವ ಪುಸ್ತಕದಲ್ಲೂ ದಾಖಲಾಗಿರಲಿಲ್ಲ. ಸರ್ಕಾರ ಹಣ ಹಿಡಿದು ಬಂದಾಗ ಅವರ ಹೆಸರು ಪಟ್ಟಿಯಲ್ಲೇ ಇಲ್ಲ. ಅದೇ ಬೀದಿಯಲ್ಲಿ ಬ್ಯಾಂಕಿನಿಂದ ಸಾಲ ತಂದು ಕಂತು ಕಟ್ಟುತ್ತಿದ್ದವರು ಉಸಿರು ಹಿಡಿದುಕೊಂಡರು. ಬೆಂಗಳೂರಿನ ಹಳೇ ಹೋಟೆಲಿನವರಿಗೆ ಸಾಲವಿಲ್ಲದ ಬದುಕು ಮರ್ಯಾದೆಯ ಬದುಕು. ಆ ಮರ್ಯಾದೆಗೆ ನಾನೂ ಕೈಮುಗಿಯುತ್ತೇನೆ. ಆದರೆ ಬಡ್ಡಿಯವನ ಹತ್ತಿರ ಸಾಲ ಮಾಡಿ ಬ್ಯಾಂಕಿನ ಹತ್ತಿರ ಮಾಡಿಲ್ಲ ಎನ್ನುವುದು ಮರ್ಯಾದೆ ಹೇಗಾದೀತು?

ಕಾಗದ ಇಲ್ಲದವನಿಗೆ ಖಾತರಿ ಇಲ್ಲ

ಬ್ಯಾಂಕಿನವರು ಬೇಡವೆನ್ನಲು ಆಸ್ತಿಯ ನೆಪ ಹೋದರೆ ಉಳಿಯುವ ನೆಪ ಕಾಗದ. ಅದನ್ನು ನಾವೇ ಅವರ ಕೈಗೆ ಕೊಡಬಾರದು. ಪಟ್ಟಿ ಮಾಡಿಕೊಳ್ಳಿ.

ಒಂದು, ಉದ್ಯಮ್ ನೋಂದಣಿ. 2020ರ ಜುಲೈ 1ರಿಂದ ಇದೆ. ಆಧಾರ್ ಬೇಕು, ಪೂರ್ತಿ ಉಚಿತ. ಎರಡು ಸಾವಿರ, ಮೂರು ಸಾವಿರ ಕೇಳುವ ದಲ್ಲಾಳಿಗೆ ಒಂದು ಪೈಸೆ ಕೊಡಬೇಡಿ. ಎರಡು, ಪಾಲಿಕೆಯ ಟ್ರೇಡ್ ಲೈಸೆನ್ಸು ಮತ್ತು ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ಪತ್ರ. ಮೂರು, ಬಾಡಿಗೆ ಕರಾರು. ನಮ್ಮ ಹಳೇ ಪೇಟೆಗಳಲ್ಲಿ ಮೂವತ್ತು ವರ್ಷದಿಂದ ಬಾಯಿಮಾತಿನ ಮೇಲೆ ಬಾಡಿಗೆ ಕೊಡುತ್ತಿರುವ ಹೋಟೆಲುಗಳಿವೆ. ಬಾಯಿಮಾತು ಬ್ಯಾಂಕಿನಲ್ಲಿ ನಡೆಯುವುದಿಲ್ಲ. ನಾಲ್ಕು, ಆದಾಯ ತೆರಿಗೆಯ ರಿಟರ್ನು. ಐದು, ಬ್ಯಾಂಕ್ ಖಾತೆಯ ವಹಿವಾಟು.

ಈ ಐದನೆಯದರ ಬಗ್ಗೆ ಒಂದು ಮಾತು. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ಅಂಗಡಿಗಳಿಗೆ, ಬೇಕರಿಗಳಿಗೆ, ಕಾಂಡಿಮೆಂಟ್ಸಿಗೆ ನೋಟಿಸು ಕಳಿಸಿತು. ಊರೆಲ್ಲ ಹೆದರಿತು. "ಯುಪಿಐ ಇಲ್ಲ, ನಗದು ಮಾತ್ರ" ಎಂಬ ಚೀಟಿ ಅಚ್ಚು ಹಾಕಿಸಲು ನನ್ನ ಪ್ರೆಸ್ಸಿಗೇ ಜನ ಬಂದರು. ಅವರ ಭಯ ನನಗೆ ಅರ್ಥವಾಗುತ್ತದೆ. ವರ್ಷಗಳ ಹಿಂದಿನ ತೆರಿಗೆಯನ್ನು ಒಮ್ಮೆಲೇ ಲಕ್ಷಗಟ್ಟಲೆ ಕೇಳಿದರೆ ಯಾರ ಎದೆ ಒಡೆಯುವುದಿಲ್ಲ? ಆದರೆ ಇದನ್ನೂ ಯೋಚಿಸಿ. ಆಸ್ತಿ ಇಲ್ಲದವನಿಗೆ ದಿನದ ವ್ಯಾಪಾರದ ದಾಖಲೆಯೇ ಆಸ್ತಿ. ಅಂದಿನ ಪಿಗ್ಮಿ ಪುಸ್ತಕ ಮಾಡುತ್ತಿದ್ದ ಕೆಲಸವನ್ನು ಇಂದು ಆ ಕಪ್ಪು ಬಿಳುಪು ಚೌಕ ಮಾಡುತ್ತಿದೆ. ಅದನ್ನು ಕಿತ್ತುಹಾಕಿದರೆ ತೆರಿಗೆಯವನಿಂದ ತಪ್ಪಿಸಿಕೊಂಡಂತೆ ಕಾಣಬಹುದು. ಬಡ್ಡಿಯವನ ಬಾಯಿಗೆ ಬಿದ್ದಿರುತ್ತೀರಿ. ಸೇವೆಯ ವ್ಯಾಪಾರಕ್ಕೆ ವರ್ಷಕ್ಕೆ 20 ಲಕ್ಷದ ಮಿತಿ ಇದೆ. ಅದು ದಾಟಿದರೆ ನೋಂದಣಿ ಮಾಡಿಸಿ, ತಿಳಿದವರನ್ನು ಕೇಳಿ ಕಟ್ಟಬೇಕಾದ್ದು ಕಟ್ಟಿ, ತಲೆ ಎತ್ತಿ ವ್ಯಾಪಾರ ಮಾಡಿ.

ಕೌಂಟರಿನ ಕನ್ನಡ, ಕರಾರಿನ ಕನ್ನಡ

2025ರ ಮೇ ತಿಂಗಳಲ್ಲಿ ಆನೇಕಲ್ ತಾಲ್ಲೂಕಿನ ಚಂದಾಪುರದ ಕಡೆ ಒಂದು ಸ್ಟೇಟ್ ಬ್ಯಾಂಕ್ ಶಾಖೆಯಲ್ಲಿ ಕನ್ನಡ ಮಾತಾಡುವುದಿಲ್ಲ ಎಂದ ಅಧಿಕಾರಿಯ ವಿಡಿಯೋ ನೀವೆಲ್ಲ ನೋಡಿದ್ದೀರಿ. ನಾಡೇ ಎದ್ದಿತು. ಮುಖ್ಯಮಂತ್ರಿಗಳು ಮಾತಾಡಿದರು. ವರ್ಗಾವಣೆ ಆಯಿತು. ಒಳ್ಳೆಯದೇ ಆಯಿತು. ಕೌಂಟರಿನಲ್ಲಿ ಕನ್ನಡ ಕೇಳುವುದು ನಮ್ಮ ಹಕ್ಕು.

ಆದರೆ ಒಂದು ಪ್ರಶ್ನೆ ಕೇಳುತ್ತೇನೆ, ಬೇಸರ ಬೇಡ. ಕೌಂಟರಿನಲ್ಲಿ ಆಡಿದ ಮಾತು ಗಾಳಿಗೆ ಹೋಗುತ್ತದೆ. ಸಾಲದ ಕರಾರಿನಲ್ಲಿ ಬರೆದ ಮಾತು ಏಳು ವರ್ಷ ನಮ್ಮ ಕುತ್ತಿಗೆಯಲ್ಲಿರುತ್ತದೆ. ಆ ಕರಾರು ಯಾವ ಭಾಷೆಯಲ್ಲಿದೆ ಎಂದು ಎಷ್ಟು ಮಂದಿ ಕೇಳಿದ್ದೇವೆ? ಇಂಗ್ಲಿಷಿನ ಮೂವತ್ತು ಪುಟ, ಪೆನ್ಸಿಲಿನ ಗುರುತು ಇರುವ ಕಡೆಯೆಲ್ಲ ಸಹಿ. ನಾನು ಅಚ್ಚಿನವನು. ಒಂದು ಮದುವೆ ಪತ್ರಿಕೆಗೂ ಗಿರಾಕಿಗೆ ಪ್ರೂಫ್ ತೋರಿಸಿ, ಓದಿಸಿ, "ಸರಿ ಇದೆ" ಎಂದು ಸಹಿ ಹಾಕಿಸಿಕೊಂಡೇ ಮೆಷಿನ್ನಿಗೆ ಹಾಕುವುದು. ಒಂದು ದಿನದ ಮದುವೆಗೆ ಇಷ್ಟು ಎಚ್ಚರ. ಏಳು ವರ್ಷದ ಸಾಲಕ್ಕೆ ಪ್ರೂಫ್ ಬೇಡವೇ?

ಬೇಕು ಎಂದು ರಿಸರ್ವ್ ಬ್ಯಾಂಕೇ ಹೇಳಿದೆ. ಇದನ್ನು ಕಿವಿಗೊಟ್ಟು ಕೇಳಿ, ಮನೆಗೆ ಹೋಗಿ ನಾಲ್ಕು ಜನಕ್ಕೆ ಹೇಳಿ. 2024ರ ಏಪ್ರಿಲ್ 15ರ ಸುತ್ತೋಲೆ. ಅದೇ ವರ್ಷದ ಅಕ್ಟೋಬರ್ 1ರಿಂದ ವೈಯಕ್ತಿಕ ಸಾಲಗಳಿಗೂ ಸಣ್ಣ ಉದ್ಯಮಗಳ ಅವಧಿ ಸಾಲಗಳಿಗೂ ಬ್ಯಾಂಕುಗಳು ಒಂದು ಮುಖ್ಯಾಂಶ ಪತ್ರ ಕೊಡಲೇಬೇಕು. ಬ್ಯಾಂಕಿನವರ ಬಾಯಲ್ಲಿ ಅದು ಕೆಎಫ್‌ಎಸ್. ಬಡ್ಡಿ ಎಷ್ಟು, ಎಲ್ಲ ಶುಲ್ಕ ಸೇರಿ ವರ್ಷಕ್ಕೆ ನಿಜವಾಗಿ ಬೀಳುವುದು ಎಷ್ಟು, ಕಂತು ಎಷ್ಟು, ಎಲ್ಲ ಅದರಲ್ಲಿರಬೇಕು. ಆ ಪತ್ರ ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಅದನ್ನು ಅವನಿಗೆ ವಿವರಿಸಿ ಹೇಳಬೇಕು. ಅರ್ಥವಾಯಿತು ಎಂದು ಅವನಿಂದ ಬರೆಸಿಕೊಳ್ಳಬೇಕು. ಯೋಚಿಸಲು ಕನಿಷ್ಠ ಮೂರು ಕೆಲಸದ ದಿನ ಕೊಡಬೇಕು. ಆ ಪತ್ರದಲ್ಲಿ ಇಲ್ಲದ ಶುಲ್ಕವನ್ನು ಮುಂದೆ ನಿಮ್ಮ ಸ್ಪಷ್ಟ ಒಪ್ಪಿಗೆಯಿಲ್ಲದೆ ಹಾಕುವಂತಿಲ್ಲ.

ನೋಡಿದಿರಾ? ಇದನ್ನು ಬರೆದಿರುವುದು ನಮ್ಮ ಹೋರಾಟಗಾರರಲ್ಲ, ಮುಂಬಯಿಯ ರಿಸರ್ವ್ ಬ್ಯಾಂಕು. ಕನ್ನಡದಲ್ಲಿ ಕೊಡಿ ಎಂದು ಕೇಳಲು ನಾವು ಬೀದಿಗೆ ಇಳಿಯುವ ಅಗತ್ಯವೂ ಇಲ್ಲ. "ನನಗೆ ಅರ್ಥವಾಗುವ ಭಾಷೆ ಕನ್ನಡ, ಕೆಎಫ್‌ಎಸ್ ಕನ್ನಡದಲ್ಲಿ ಕೊಡಿ, ಓದಿ ಮೂರು ದಿನ ಬಿಟ್ಟು ಬರುತ್ತೇನೆ" ಎಂದರೆ ಮುಗಿಯಿತು. ಕೇಳುವವರಿಲ್ಲದ ಹಕ್ಕು ಗೆದ್ದಲು ತಿನ್ನುವ ಕಾಗದ.

ದೋಸೆ ಲೆಕ್ಕ

ಇಷ್ಟೆಲ್ಲ ಹೇಳಿದೆನೆಂದು ನಾಳೆಯೇ ಸಾಲಕ್ಕೆ ಓಡಬೇಡಿ. ಮೊದಲು ದೋಸೆ ಲೆಕ್ಕ ಹಾಕಿ. ಶೇಕಡ 11ರ ಬಡ್ಡಿಯಲ್ಲಿ ಐದು ವರ್ಷಕ್ಕೆ 10 ಲಕ್ಷ ತಂದಿರಿ ಎಂದುಕೊಳ್ಳಿ. ತಿಂಗಳ ಕಂತು ಸುಮಾರು 21,742 ರೂಪಾಯಿ. ದಿನಕ್ಕೆ 725. ಬಾಡಿಗೆ, ಗ್ಯಾಸು, ಸಂಬಳ, ದಿನಸಿ ಎಲ್ಲ ಕಳೆದು ಒಂದು ದೋಸೆಗೆ ಹತ್ತು ರೂಪಾಯಿ ಉಳಿದರೆ ದಿನಕ್ಕೆ 73 ದೋಸೆ ಬ್ಯಾಂಕಿಗೇ ಹೊಯ್ಯಬೇಕು. ಭಾನುವಾರವೂ, ಹಬ್ಬದ ದಿನವೂ, ಮಳೆ ಬಂದ ದಿನವೂ. ಎಪ್ಪತ್ತನಾಲ್ಕನೆಯ ದೋಸೆಯಿಂದ ನಿಮ್ಮ ಮನೆಯ ಗಂಜಿ. ಐದು ವರ್ಷಕ್ಕೆ ಕಟ್ಟುವ ಬಡ್ಡಿ ಮೂರು ಲಕ್ಷ ಚಿಲ್ಲರೆ. ಅದೇ 10 ಲಕ್ಷವನ್ನು ನೂರಕ್ಕೆ ಮೂರರಂತೆ ಹೊರಗೆ ತಂದರೆ ಒಂದೇ ವರ್ಷದ ಬಡ್ಡಿ 3 ಲಕ್ಷ 60 ಸಾವಿರ, ಅಸಲು ಹಾಗೇ. ವ್ಯತ್ಯಾಸ ನಿಮ್ಮ ಕಣ್ಣೆದುರಿಗಿದೆ.

ಸಾಲದ ಹಣದಲ್ಲಿ ದುಡಿಯುವ ಸಾಮಾನು ತನ್ನಿ. ಗ್ರೈಂಡರು ದುಡಿಯುತ್ತದೆ, ಸ್ಟೀಮರು ದುಡಿಯುತ್ತದೆ. ಎಲ್‌ಇಡಿ ಬೋರ್ಡು, ಉದ್ಘಾಟನೆಯ ಪೆಂಡಾಲು ದುಡಿಯುವುದಿಲ್ಲ. ಮೊಬೈಲಿನಲ್ಲಿ ಐದು ನಿಮಿಷಕ್ಕೆ ಸಾಲ ಎನ್ನುವ ಆ್ಯಪುಗಳ ಹತ್ತಿರ ಹೋಗಬೇಡಿ. ಮುದ್ರಾ ಮಾಡಿಸಿಕೊಡುತ್ತೇನೆ, ಶೇಕಡ ಐದು ಕೊಡಿ ಎನ್ನುವವನು ಯಾವ ಸರ್ಕಾರದವನೂ ಅಲ್ಲ, ದಲ್ಲಾಳಿ.

ನೀವು ಮಾಡಬೇಕಾದ್ದು

ನಿಮ್ಮಲ್ಲಿ ಬಿಕಾಂ ಓದಿದವರಿದ್ದೀರಿ, ಕಂಪ್ಯೂಟರ್ ಬಲ್ಲವರಿದ್ದೀರಿ. ನವೆಂಬರಿನಲ್ಲಿ ಬಾವುಟ ಕಟ್ಟುತ್ತೀರಿ, ಬೈಕ್ ರ‍್ಯಾಲಿ ಮಾಡುತ್ತೀರಿ. ಮಾಡಿ. ಅದರ ಜೊತೆಗೆ ಭಾನುವಾರ ಬೆಳಿಗ್ಗೆ ಎರಡು ಗಂಟೆ ಹೊತ್ತು ಕೊಡಿ. ನಿಮ್ಮ ಬೀದಿಯ ಹೋಟೆಲು, ಖಾನಾವಳಿ, ತಿಂಡಿ ಗಾಡಿಯವರ ಹತ್ತಿರ ಹೋಗಿ, ಅವರ ಉದ್ಯಮ್ ನೋಂದಣಿ ಮಾಡಿಸಿ. ಅರ್ಜಿ ಬರೆದುಕೊಡಿ. ಬ್ಯಾಂಕಿಗೆ ಜೊತೆಯಲ್ಲಿ ಹೋಗಿ. ಜಗಳಕ್ಕಲ್ಲ, ಸಾಕ್ಷಿಗೆ.

ಅರ್ಜಿ ಕೊಟ್ಟಾಗ ಸ್ವೀಕೃತಿ ಪತ್ರ ಕೇಳಿ, ಕೊಡುವುದು ಅವರ ಕರ್ತವ್ಯ. ಸಣ್ಣ ಉದ್ಯಮದ 25 ಲಕ್ಷದವರೆಗಿನ ಅರ್ಜಿಗೆ 14 ಕೆಲಸದ ದಿನಗಳೊಳಗೆ ಹೌದು ಅಥವಾ ಇಲ್ಲ ಎನ್ನಬೇಕು. ಇಲ್ಲವೆಂದರೆ ಕಾರಣ ಬರಹದಲ್ಲಿ ಕೊಡಬೇಕು. ಬಾಯಲ್ಲಿ "ಆಗಲ್ಲ ಹೋಗ್ರಿ" ಎನ್ನುವವರು ಅದನ್ನೇ ಬರೆದು ಸಹಿ ಹಾಕಲು ಹಿಂಜರಿಯುತ್ತಾರೆ. ನಿಯಮ ಮುರಿದರೆ ಮೊದಲು ಬ್ಯಾಂಕಿಗೇ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯಿರಿ. ಜಿಲ್ಲೆಗೊಬ್ಬರು ಲೀಡ್ ಬ್ಯಾಂಕ್ ಮ್ಯಾನೇಜರ್ ಇರುತ್ತಾರೆ, ಅವರನ್ನು ಕಾಣಿ. ರಾಜ್ಯಮಟ್ಟದ ಬ್ಯಾಂಕರುಗಳ ಸಮಿತಿಯನ್ನು ಕರೆಯುವ ಹೊಣೆ ಕೆನರಾ ಬ್ಯಾಂಕಿನದು. ನಮ್ಮ ನೆಲದ ಬ್ಯಾಂಕು. ಖಾತರಿ ಸಾಲದ ಅರ್ಜಿ, ಕೆಎಫ್‌ಎಸ್, ಕರಾರು ಮೂರೂ ಕನ್ನಡದಲ್ಲಿ ಪ್ರತಿ ಶಾಖೆಯಲ್ಲಿ ಸಿಗಬೇಕು ಎಂಬ ಮನವಿಯನ್ನು ನಾವು ಅಲ್ಲಿಗೆ ಒಯ್ಯೋಣ. ಆ ಮನವಿಯನ್ನು ಅಚ್ಚು ಹಾಕುವ ಖರ್ಚು ನನ್ನದು. ಸಹಿ ಸಂಗ್ರಹ ನಿಮ್ಮದು. ಒಪ್ಪಿಗೆಯೇ?

ಕನ್ನಡಿಗ ವ್ಯಾಪಾರಕ್ಕೆ ಲಾಯಕ್ಕಲ್ಲ ಎನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ. ದೇಶಕ್ಕೆ ಉಡುಪಿ ಹೋಟೆಲು ಕೊಟ್ಟವರು ನಾವು, ದೇಶಕ್ಕೆ ಬ್ಯಾಂಕು ಕಟ್ಟಿಕೊಟ್ಟವರೂ ನಾವು. ನಮಗೆ ಬರದಿರುವುದು ವ್ಯಾಪಾರವಲ್ಲ. ನಮ್ಮ ಹಣದ ಕಾಗದವನ್ನು ನಮ್ಮ ಭಾಷೆಯಲ್ಲಿ ಕೇಳುವ ರೂಢಿ. ಆ ರೂಢಿ ಈ ವಾರದಿಂದ ಶುರುವಾಗಲಿ. ಸಾಲ ಬೇಕಾದವರು ಓದಿ ಸಹಿ ಹಾಕಿ. ಬೇಡವಾದವರು ಬೇಕಾದವರಿಗೆ ಓದಿ ಹೇಳಿ.

ಜೈ ಕರ್ನಾಟಕ!